ಬಿ ಬ್ಲಾಕಿಗೆ ನಾನಿಟ್ಟ ಹೆಸರು

ನನ್ನ ಮೊಮ್ಮಗಳಿಗೆ ಪೊಲೀಸ್ ವೈರ್‌ಲೆಸ್ಸಿನಲ್ಲಿ ಕೆಲಸ ಸಿಕ್ಕಿತು. ಈ ಮಾತನ್ನು ನಾನು ಆಲೂರು ಬಸ್‌ಸ್ಟ್ಯಾಂಡಿನಲ್ಲಿ ಮುಖಪರಿಚಯ ಇಲ್ಲದವರಿಗೂ ಹೇಳಿದ್ದೇನೆ. ಕ್ಷೌರದ ಅಂಗಡಿಯಲ್ಲಿ ಮುಖದ ತುಂಬ ಸೋಪು ಬಳಿಸಿಕೊಂಡು ಕೂತಾಗಲೂ ಬಾಯಿ ಸುಮ್ಮನಿರದೆ ಹೇಳಲು ಹೋಗಿ ಅರ್ಧ ನೊರೆ ನುಂಗಿದ್ದೇನೆ. ನಮ್ಮನೆಯವಳು ಅಕ್ಕಪಕ್ಕದವರ ಮುಂದೆ, "ಕೆಲ್ಸ ಸಿಕ್ಕಿದ್ದು ಮೊಮ್ಮಗಳಿಗೋ ಇವರಿಗೋ ಒಂದೂ ತಿಳೀತಿಲ್ಲ ಕಣ್ರೀ" ಅಂತ ಆಡಿಕೊಂಡಳು. ಆಡಿಕೊಳ್ಳಲಿ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು ಎಸ್ಟೇಟಿಗೆ ಹೋದವನು ನಾನು. ನನ್ನ ಮಗಳ ಮಗಳು ಜಿಲ್ಲೆಯ ಪೊಲೀಸರೆಲ್ಲ ಕಿವಿಗೊಟ್ಟು ಕೇಳುವ ಜಾಗದಲ್ಲಿ ಕೂತು ಮಾತಾಡುತ್ತಾಳೆ ಅಂದರೆ ಆ ಸಂತೋಷ ಒಳಗೆ ಹಿಡಿಸುವುದಾದರೂ ಹೇಗೆ?

ಹಿಡಿಸಲಿಲ್ಲ. ಅದೇ ಆಗಿದ್ದು. ಸಂತೋಷ ಉಕ್ಕಿದಾಗ ಅದರ ಜೊತೆ ಹತ್ತು ವರ್ಷದ ಹಿಂದಿನ ಒಂದು ಕಥೆಯೂ ಬಾಯಿಂದ ಹೊರಗೆ ಬಂತು. ಮದುವೆ ಮನೆ, ನಾಮಕರಣ, ಎಲ್ಲಿ ನಾಲ್ಕು ಜನ ಸೇರಿದರೂ ನಗಿಸೋಕೆ ಅಂತ ನಾನು ಹೇಳುತ್ತಿದ್ದ ಕಥೆ ಅದು. ನನ್ನ ಮೊಮ್ಮಗಳ ಮುಂದೆ ಹೇಳಿದ ಮೇಲೆ ಮತ್ತೆಲ್ಲೂ ಅದನ್ನ ಹೇಳಿಲ್ಲ. ಇಲ್ಲಿ ಬರೆಯುವುದು ನಗಿಸೋಕಲ್ಲ.

ಟ್ರೈನಿಂಗಿನ ನಡುವೆ ಒಂದು ವಾರ ರಜ ಕೊಟ್ಟಿದ್ದರು ಅಂತ ಅವಳು ಮನೆಗೆ ಬಂದಿದ್ದಳು. ಬೆಳಿಗ್ಗೆ ಎದ್ದು ಅಂಗಳದ ಕಟ್ಟೆ ಮೇಲೆ ಕೂತು ಕಣ್ಣು ಮುಚ್ಚಿ ಏನೋ ಮಣಮಣ ಅನ್ನುತ್ತಿದ್ದಳು. ನಮ್ಮನೆಯವಳು ಕಾಫಿ ಲೋಟ ಹಿಡಿದು ಹತ್ತಿರ ಹೋದವಳು ಅರ್ಧಕ್ಕೇ ನಿಂತಳು.

"ಏನ್ ಕೂಸೇ ಅದು, ಮಂತ್ರವಾ?"

"ಮಂತ್ರ ಅಲ್ಲ ಅಜ್ಜಿ, ಅಕ್ಷರ. ಆಲ್ಫಾ, ಬ್ರಾವೋ, ಚಾರ್ಲಿ, ಡೆಲ್ಟಾ..." ಅಂತ ಇಪ್ಪತ್ತಾರನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಆಮೇಲೆ ಒಂದು ಹಾಳೆ ತಂದು ನನ್ನ ಕೈಗೆ ಕೊಟ್ಟು, "ತಾತ, ನೀವು ಇದನ್ನ ಹಿಡ್ಕಂಡು ನೋಡ್ತಾ ಇರಿ, ತಪ್ಪಿದ್ರೆ ಹೇಳಿ" ಅಂದಳು. ಇಂಗ್ಲಿಷ್ ಅಕ್ಷರ ನನಗೆ ಗೊತ್ತಿರುವುದು ಎಸ್ಟೇಟಿನ ಕಾಫಿ ಬ್ಲಾಕುಗಳ ಬೋರ್ಡಿನಲ್ಲಿ ಇದ್ದಷ್ಟು, ಎಂಟು ಮಾತ್ರ. ಆದರೂ ಹಿಡಿದುಕೊಂಡೆ. ಅವಳು ಹೇಳುತ್ತಾ ಹೋದಂಗೆ ನಾನು ಹೂಂ ಹೂಂ ಅನ್ನುತ್ತಿದ್ದೆ. ಮುಗಿದ ಮೇಲೆ ನೋಡಿದರೆ ಹಾಳೆ ತಲೆಕೆಳಗಾಗಿ ಹಿಡಿದಿದ್ದೆ. ಅವಳಿಗೆ ಮೊದಲೇ ಗೊತ್ತಿತ್ತು. ಆದರೂ ಮಾರನೇ ದಿನ ಮತ್ತೆ ಹಾಳೆ ತಂದು ನನ್ನ ಕೈಗೇ ಕೊಟ್ಟಳು. ಆ ಬೆಳಿಗ್ಗೆಗಳನ್ನ ನೆನೆಸಿಕೊಂಡರೆ ಈಗಲೂ ಎದೆ ಉಬ್ಬುತ್ತೆ.

"ಅಲ್ಲ ಕೂಸೇ, ಬಿ ಅನ್ನೋಕೆ ಬ್ರಾವೋ ಅಂತ ಅಷ್ಟುದ್ದ ಯಾಕೆ?" ಅಂತ ಕೇಳಿದೆ.

"ವೈರ್‌ಲೆಸ್ಸಲ್ಲಿ ಬಿ ಅಂದ್ರೂ ಡಿ ಅಂದ್ರೂ ಟಿ ಅಂದ್ರೂ ಒಂದೇ ಥರ ಕೇಳ್ಸುತ್ತೆ ತಾತ. ಗಾಡಿ ನಂಬರ್ ತಪ್ಪಿದ್ರೆ ಯಾರನ್ನೋ ಹಿಡೀಬೇಕಾದ ಕಡೆ ಇನ್ಯಾರನ್ನೋ ಹಿಡೀತಾರೆ."

ಈ ಹೆಸರುಗಳನ್ನ ಯಾರು ಇಟ್ಟರು ಅಂದೆ. ಅವಳಿಗೆ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದು ಬಿಸಿಬಿಸಿಯಾಗಿ ತಲೆಯಲ್ಲಿತ್ತು. ಮೊದಮೊದಲು ಒಬ್ಬೊಬ್ಬರದು ಒಂದೊಂದು ಪಟ್ಟಿ ಇತ್ತಂತೆ. ಅಮೆರಿಕದವರು ಬಿಗೆ ಬೇಕರ್ ಅನ್ನುತ್ತಿದ್ದರಂತೆ. ಇಂಗ್ಲಿಷಿನವರ ಪಡೆಯಲ್ಲಿ ಒಂದು ಕಾಲಕ್ಕೆ ಬಿ ಅಂದರೆ ಬಿಯರ್.

"ಬಿಯರ್ರೇ? ಕುಡಿಯೋದಾ?"

"ಕುಡಿಯೋದೇ ತಾತ."

"ಒಳ್ಳೇ ಜನ ಬಿಡು."

ಎರಡನೇ ಮಹಾಯುದ್ಧ ಮುಗಿದ ಮೇಲೆ ಎಲ್ಲಾ ದೇಶದ ವಿಮಾನಗಳೂ ಎಲ್ಲಾ ದೇಶಕ್ಕೂ ಹಾರತೊಡಗಿದವು. ಮೇಲಿರುವವನ ಭಾಷೆ ಒಂದು, ಕೆಳಗಿರುವವನದು ಇನ್ನೊಂದು. ಆಗ ವಿಮಾನದ ಕಡೆಯವರು ಭಾಷೆ ಬಲ್ಲ ಮೇಷ್ಟರನ್ನ ಕೂರಿಸಿಕೊಂಡು, ಇಂಗ್ಲಿಷಿನವರಿಗೂ ಫ್ರೆಂಚಿನವರಿಗೂ ಸ್ಪೇನಿನವರಿಗೂ ಬಾಯಿಗೆ ಬರುವಂಥ ಪದಗಳನ್ನ ಹುಡುಕಿದರಂತೆ. ಬೇರೆ ಬೇರೆ ನಾಡಿನವರಿಂದ ಹೇಳಿಸಿ, ಗದ್ದಲದ ನಡುವೆ ಕೇಳಿಸಿ ನೋಡಿದರಂತೆ. ಒಂದು ಪಟ್ಟಿ ಮಾಡಿ ಬಳಸಿಯೂ ಆಯಿತು. ಅದರಲ್ಲಿ ಸಿಗೆ ಕೋಕಾ ಅಂತ ಇತ್ತು. ಅದೂ ಇನ್ನು ಕೆಲವೂ ಸರಿಬರಲಿಲ್ಲ, ತೆಗೆದು ಬೇರೆ ಹಾಕಿದರು. ಚಾರ್ಲಿ ಬಂದಿದ್ದು ಹಂಗೆ. ಮಾಡಿದವರು ವಿಮಾನದವರಾದರೂ ಆಮೇಲೆ ಕೆಲವು ದೇಶಗಳ ಸೇನೆಯ ಕೂಟ ಅದನ್ನ ಬಳಸಿತು, ಈಗ ಜನ ಆ ಕೂಟದ ಹೆಸರಲ್ಲೇ ಕರೆಯುತ್ತಾರಂತೆ.

"ನಾನ್ ಮಾಡಿದ ಸಾರನ್ನ ಇವರು ಬಡಿಸಿ ಶಭಾಷ್ ಅನ್ನಿಸ್ಕಂಡಂಗೆ" ಅಂತ ನಮ್ಮನೆಯವಳು ಒಳಗಿಂದಲೇ ಅಂದಳು.

"ಮನುಷ್ಯರ ಹೆಸರೂ ಐತಲ್ಲ ಇದರಲ್ಲಿ" ಅಂದೆ ನಾನು. "ಚಾರ್ಲಿ ಅಂದ್ರೆ ಆಳಿನ ಹೆಸರಲ್ವಾ?"

"ಹೌದು. ಆದ್ರೆ ಇಂಥ ಚಾರ್ಲಿ ಅಂತ ಯಾರನ್ನೂ ಬೆರಳು ಮಾಡಿ ತೋರ್ಸೋ ಹಂಗಿಲ್ಲ ತಾತ. ಹೇಳೋನಿಗೂ ಕಷ್ಟ ಆಗ್ಬಾರ್ದು, ಕೇಳೋನಿಗೂ ಕಷ್ಟ ಆಗ್ಬಾರ್ದು. ಅಷ್ಟೇ ಅದರ ಉದ್ದೇಶ."

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಇರಲಿಲ್ಲ. "ನಾನೂ ಇಂಥದ್ದೇ ಒಂದು ಮಾಡಿದ್ದೆ ಕಣೇ" ಅಂತ ಎದೆ ತಟ್ಟಿಕೊಂಡೆ.

ನಾನು ಆಳುಗಳ ಮೇಸ್ತ್ರಿಯಾಗಿದ್ದ ಕಾಫಿ ಎಸ್ಟೇಟು ಹೆಗ್ಗದ್ದೆ ಕಡೆ. ಎ ಇಂದ ಹೆಚ್ ತನಕ ಎಂಟು ಬ್ಲಾಕು. ಆನೆಗಳ ಕಾಟ ಜಾಸ್ತಿಯಾದಾಗ ಮ್ಯಾನೇಜರು ಮೂರು ವೈರ್‌ಲೆಸ್ ಸೆಟ್ಟು ತರಿಸಿದರು. ಒಂದು ಅವರ ಬಂಗಲೆಯಲ್ಲಿ, ಒಂದು ಸ್ಟೋರಿನಲ್ಲಿ ಲೆಕ್ಕ ಬರೆಯುವ ರೈಟರ್ ಹತ್ತಿರ, ಒಂದು ನನ್ನ ಸೊಂಟದಲ್ಲಿ. ಬಟನ್ ಒತ್ತಿ ಹಿಡಿದರೆ ನಮ್ಮ ಮಾತು ಅಲ್ಲಿಗೆ, ಬಿಟ್ಟರೆ ಅಲ್ಲಿಯ ಮಾತು ನಮಗೆ. ಬಂದ ವಾರದಲ್ಲೇ ಅಕ್ಷರ ತಪ್ಪಾಗಿ ಕೇಳಿಸಿ, ಆನೆ ಇದ್ದಿದ್ದು ಒಂದು ಬ್ಲಾಕು, ಆಳುಗಳನ್ನ ಎಬ್ಬಿಸಿದ್ದು ಇನ್ನೊಂದು ಬ್ಲಾಕು ಆಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. "ಒಂದೊಂದು ಬ್ಲಾಕಿಗೆ ಒಂದೊಂದು ಪದ ಇಟ್ಕೊಳ್ಳಿ" ಅಂತ ಮ್ಯಾನೇಜರು ಹೇಳಿ ಜೀಪು ಹತ್ತಿ ಹೋದರು.

ಸಾಯಂಕಾಲ ಹಣ್ಣು ತೂಕ ಮಾಡುವ ಹೊತ್ತಿಗೆ ಸ್ಟೋರಿನ ಜಗಲಿ ಮೇಲೆ ನಾನೂ ರೈಟರ್ರೂ ಕೂತೆವು. ಕಾಫಿ ಹಣ್ಣಿನ ಚೀಲ ಇಟ್ಟುಕೊಂಡು ಆಳುಗಳೆಲ್ಲ ಸಾಲಾಗಿ ನಿಂತಿದ್ದರು. ಎ ಅಂದರೆ ಆನೆ ಅಂದೆ ನಾನು. ರೈಟರ್ರು ಪೆನ್ಸಿಲ್ ಕೆಳಗಿಟ್ಟು, "ಆನೆ ಬ್ಲಾಕಲ್ಲಿ ಆನೆ ಐತೆ ಅಂತೀಯಾ ಮಾರಾಯ? ಅಥ್ವಾ ಆನೆ ಬ್ಲಾಕಲ್ಲಿ ಆನೆ ಇಲ್ಲ ಅಂತೀಯಾ?" ಅಂದರು. ಸಾಲಿಗೆ ಸಾಲೇ ನಕ್ಕಿತು. ಎ ಅಂದರೆ ಅಕ್ಕಿ ಆಯಿತು. ಸಿಗೆ ಸೀಗೆಕಾಯಿ, ಡಿಗೆ ಡೊಳ್ಳು, ಇಗೆ ಈರುಳ್ಳಿ, ಜಿಗೆ ಜೀರಿಗೆ. ಎಫ್‌ಗೆ ಏನೂ ಹೊಳೆಯದೆ ಫೋಟೋ. ಹೆಚ್‌ಗೆ ಹೆಂಡ ಅಂದಾಗ ಮತ್ತೊಂದು ನಗು. ಜನ ನಗುತ್ತಿದ್ದಂಗೆ ನನಗೆ ಅಮಲು ಏರಿದಂಗಾಗಿತ್ತು.

ಉಳಿದಿದ್ದು ಬಿ. ಸಾಲಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಮಾತಾಡುವಾಗ ನಾಲಿಗೆ ತಡೆಯುತ್ತಿತ್ತು ಆವಮ್ಮನಿಗೆ. ಒಂದು ಮಾತು ಶುರು ಮಾಡಿದರೆ ನಾವೇ ಯಾರಾದರೂ ಮುಗಿಸಿ ಕೊಡುತ್ತಿದ್ದೆವು, ಅದು ಉಪಕಾರ ಅಂತ ಅಂದುಕೊಂಡಿದ್ದೆವು. ಆದರೆ ಹಣ್ಣು ಕೀಳುವಾಗ ಕೂಗು ಹಾಕುವುದರಲ್ಲಿ ಆವಮ್ಮನ ಸಮ ಯಾರೂ ಇರಲಿಲ್ಲ. ಗಿಡಗಳ ಸಾಲಿನಲ್ಲಿ ಒಬ್ಬರಿಗೊಬ್ಬರು ಕಾಣುವುದಿಲ್ಲವಲ್ಲ, ಆವಮ್ಮ 'ಕೂ...' ಅಂತ ಒಂದು ಕೂಗು ಕೊಟ್ಟರೆ ಮಿಕ್ಕವರು ತಿರುಗಿ ಕೂಗುತ್ತಿದ್ದರು. ಯಾರೂ ಹಿಂದೆ ಉಳಿದಿಲ್ಲ ಅಂತ ನನಗೆ ಅದರಿಂದಲೇ ಗೊತ್ತಾಗುತ್ತಿತ್ತು. ಆ ಕೂಗಿನಲ್ಲಿ ಒಂದು ತಡೆಯೂ ಇರುತ್ತಿರಲಿಲ್ಲ.

ನಾನು ಆವಮ್ಮನ ಕಡೆ ಗದ್ದ ಎತ್ತಿ ತೋರಿಸಿ, "ಬಿ ಅಂದ್ರೆ ಬಿಕ್ಕಲಿ" ಅಂದೆ.

ಅವತ್ತಿನ ದೊಡ್ಡ ನಗು ಅದೇ. ರೈಟರ್ರು ಬರೆದುಕೊಂಡರು. ಆವಮ್ಮ ಚೀಲದ ಬಾಯಿ ಬಿಗಿಯುತ್ತಾ ನಿಂತಿದ್ದಳು. ಆ ಬ್ಲಾಕಿನ ಅಂಚಿಗೇ ದೊಡ್ಡದೊಂದು ಬಿದಿರು ಮೆಳೆ ಇತ್ತು. ದಿನಾ ಅದರ ನೆರಳಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದೆ ನಾನು. ಬಿದಿರು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅದು ನನಗೆ ಯಾಕೆ ಹೊಳೆಯಲಿಲ್ಲ ಅಂತ ಈಗ ಕೇಳಿಕೊಂಡರೆ, ಹೊಳೆಯುವುದು ಬೇಕಾಗಿರಲಿಲ್ಲ ಅನ್ನುವುದೇ ಉತ್ತರ.

ಅಲ್ಲಿಂದ ದಿನಾ ಸೆಟ್ಟಿನಲ್ಲಿ ಅದೇ. ಬಿಕ್ಕಲಿಗೆ ಔಷಧಿ ಹೊಡೆದಾಯ್ತಾ, ಬಿಕ್ಕಲಿಗೆ ಇವತ್ತು ಎಷ್ಟು ಆಳು ಬಿಟ್ರಿ, ಬಿಕ್ಕಲಿ ಒಳಗೆ ಒಂಟಿ ಸಲಗ ನುಗ್ಗೈತೆ. ಗಂಡಸರು ಅದಕ್ಕೆ ಸೇರಿಸುತ್ತಿದ್ದ ಮಾತುಗಳನ್ನ ಬರೆಯಲಾರೆ. ಆವಮ್ಮ ಕೂಗು ಹಾಕುವುದನ್ನ ನಿಲ್ಲಿಸಿದಳು. ಇನ್ಯಾರೋ ಹಾಕತೊಡಗಿದರು. ನಾನು ಯಾಕೆ ಅಂತ ಕೇಳಲಿಲ್ಲ.

ಇಷ್ಟನ್ನೂ ನಗುನಗುತ್ತಲೇ ಹೇಳಿದೆ ಮೊಮ್ಮಗಳಿಗೆ. ಆನೆ ಬ್ಲಾಕಿನ ಮಾತಿಗೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಬಿ ಬಂದಾಗ ನಗು ನಿಂತಿತ್ತು. ನಾನು ಗಮನಿಸಲಿಲ್ಲ. ಕಥೆಯ ಒಳ್ಳೇ ಜಾಗ ಇನ್ನೂ ಮುಂದೆ ಐತೆ ಅನ್ನುವ ಉಮೇದು ನನಗೆ.

ಆ ಸುಗ್ಗಿಯಲ್ಲೇ ಒಂದು ದಿನ, ಹೊತ್ತು ಏರಿದ ಮೇಲೆ, ನಾನು ಸಿ ಬ್ಲಾಕಿನ ರಸ್ತೆಯಲ್ಲಿ ಇಬ್ಬರು ಗಂಡಾಳುಗಳ ಜೊತೆ ನಿಂತಿದ್ದೆ. ಆವಮ್ಮ ಸೊಂಟದ ಚೀಲ ಎತ್ತಿ ಹಿಡಿದುಕೊಂಡು ಓಡಿ ಬಂದಳು. ಬಂದವಳು ಬಿದಿರು ಮೆಳೆ ಕಡೆ ಕೈ ಮಾಡಿದಳು. ಎರಡು ಬೆರಳು ತೋರಿಸಿದಳು. ಎರಡು ಆನೆ, ಬಿ ಬ್ಲಾಕು. ಅಷ್ಟು ಸಾಕಾಗಿತ್ತು. ನನಗೆ ಪೂರ್ತಿ ಅರ್ಥವಾಗಿತ್ತು.

ಆದರೆ ಪಕ್ಕದಲ್ಲಿ ಇಬ್ಬರು ನಿಂತಿದ್ದರಲ್ಲ. ನಾನು ಸೆಟ್ಟು ತೆಗೆದು, ಬಟನ್ ಒತ್ತಿ ಹಿಡಿದು, ಆವಮ್ಮನ ಬಾಯಿಯ ಮುಂದೆ ಇಟ್ಟು, "ಯಾವ್ ಬ್ಲಾಕು ಅಂತ ನೀನೇ ಹೇಳವ್ವ, ರೈಟರ್ರು ಕೇಳ್ತಾವ್ರೆ" ಅಂದೆ.

ಆವಮ್ಮ ನನ್ನ ಮುಖ ನೋಡಿದಳು. ಸೆಟ್ಟು ನೋಡಿದಳು. ಅವಳ ಬೆನ್ನ ಹಿಂದೆ ಆ ಬ್ಲಾಕಿನಲ್ಲಿ ಹನ್ನೆರಡು ಜನ ಹೆಂಗಸರು ಹಣ್ಣು ಕೀಳುತ್ತಿದ್ದರು. ಹೇಳದೆ ಗತಿ ಇರಲಿಲ್ಲ. ಆ ಪದದ ಮೊದಲ ಅಕ್ಷರದಲ್ಲೇ ಮೂರು ಸಲ ಎಡವಿ, ನಾಲ್ಕನೇ ಸಲಕ್ಕೆ ನಾನಿಟ್ಟ ಹೆಸರನ್ನ ತನ್ನ ಬಾಯಲ್ಲೇ ಪೂರ್ತಿ ಹೇಳಿದಳು. ನಾನು ಬಟನ್ ಬಿಟ್ಟೆ. ಸ್ಟೋರಿನ ಕಡೆಯಿಂದ ನಗು ಸೆಟ್ಟು ತುಂಬಿ ಬಂತು.

ಆಮೇಲೆ ನಾನು ಹೇಳಬೇಕಾದ್ದನ್ನ ಹೇಳಿದೆ, ಹೆಂಗಸರೆಲ್ಲ ಮೇಲಿನ ದಾರಿಯಿಂದ ಹೊರಗೆ ಬಂದರು, ಯಾರಿಗೂ ಏನೂ ಆಗಲಿಲ್ಲ. ಸಂಜೆ ತೂಕದ ಸಾಲಿನಲ್ಲಿ ಆವಮ್ಮ ಎಡವಿದಂಗೇ ಎಡವಿ ತೋರಿಸಿದವರು ಎಷ್ಟೋ ಜನ. ಮುಂದಿನ ವಾರ ಆವಮ್ಮ ಮಗಳ ಕೈ ಹಿಡಿದುಕೊಂಡು, ಪಾತ್ರೆ ಗಂಟು ತಲೆ ಮೇಲೆ ಇಟ್ಟುಕೊಂಡು ಆಳುಗಳ ಲೈನಿನ ಮನೆ ಬಿಟ್ಟು ಹೋದಳು. "ಆನೆಗೆ ಹೆದ್ರಿ ಹೋಗ್ಬುಟ್ಲು" ಅಂದರು ರೈಟರ್ರು. ನಾನೂ ಹೌದು ಅಂದೆ.

ಕಥೆ ಮುಗಿಸಿ ಮೊಮ್ಮಗಳ ಮುಖ ನೋಡಿದೆ. ಅವಳು ಹಾಳೆಯನ್ನ ನನ್ನ ಕೈಯಿಂದ ಮೆಲ್ಲಗೆ ತಗೊಂಡು ಮಡಿಸುತ್ತಿದ್ದಳು.

"ಆನೆ ಬಂದಿರೋದು ನಿಮ್ಗೆ ಗೊತ್ತಾಗಿತ್ತಾ ತಾತ, ಬಟನ್ ಒತ್ತೋಕೆ ಮುಂಚೆ?"

"ಗೊತ್ತಾಗಿತ್ತು."

"ಆವಮ್ಮ ಈಗ ಎಲ್ಲವ್ರೆ?"

"ಕುಂದೂರು ಕಡೆ ಅಂತ ಕೇಳಿದ್ದೆ. ಮಗಳ ಮನೇಲಿ."

"ಎಷ್ಟು ದೂರ ಆಗುತ್ತೆ ಇಲ್ಲಿಂದ?"

"ಒಂದು ಬಸ್ಸು."

"ಹತ್ತು ವರ್ಷದಲ್ಲಿ ಆ ಒಂದು ಬಸ್ಸು ಸಿಗ್ಲೇ ಇಲ್ವಾ ತಾತ?"

ಅಷ್ಟೇ ಅವಳು ಅಂದಿದ್ದು. ಗಟ್ಟಿಯಾಗಿಯೂ ಅನ್ನಲಿಲ್ಲ. ರಜ ಇನ್ನೂ ಎರಡು ದಿನ ಇತ್ತು. ಆ ಎರಡು ಬೆಳಿಗ್ಗೆಯೂ ಅವಳು ಹಾಳೆಯನ್ನ ತೊಡೆ ಮೇಲೆ ಇಟ್ಟುಕೊಂಡು ಒಬ್ಬಳೇ ಹೇಳಿಕೊಂಡಳು. ನಾನು ಕಟ್ಟೆಯ ಆ ತುದಿಯಲ್ಲಿ ಕೂತಿದ್ದೆ. ಕರೆಯಬಹುದು ಅಂತ ಕಾದೆ. ಊಟಕ್ಕೆ ಬನ್ನಿ ಅಂದಳು, ಬೆನ್ನಿಗೆ ಎಣ್ಣೆ ಹಚ್ಚಲಾ ಅಂದಳು, ಹಾಳೆ ಮಾತ್ರ ಕೊಡಲಿಲ್ಲ. ಮನೆ ತುಂಬ ಸಂತೋಷ ಇತ್ತು, ನನ್ನ ಪಾಲಿಗೆ ಮಾತ್ರ ಇರಲಿಲ್ಲ. ಬೇರೆ ಬೇರೆ ದೇಶದವರನ್ನ ಕೂರಿಸಿಕೊಂಡು ನಿನಗೆ ಇದು ಬಾಯಿಗೆ ಬರುತ್ತಾ ಅಂತ ಕೇಳಿ ಇಟ್ಟ ಹೆಸರುಗಳನ್ನ ಅವಳು ಹೇಳುತ್ತಿದ್ದರೆ, ನಾನು ಇಟ್ಟಿದ್ದು ಒಬ್ಬಳ ಬಾಯಿಗೆ ಬರಬಾರದು ಅಂತಲೇ ಇಟ್ಟ ಹೆಸರು ಅಂತ ಪದಪದಕ್ಕೂ ಚುಚ್ಚುತ್ತಿತ್ತು.

ಅವಳನ್ನ ಹಾಸನದ ಬಸ್ಸು ಹತ್ತಿಸಿದ ಮಾರನೇ ದಿನ, ನಮ್ಮನೆಯವಳಿಗೆ ಹೇಳಿ ಒಂದು ಸ್ಟೀಲ್ ಡಬ್ಬಿಗೆ ರವೆ ಉಂಡೆ ತುಂಬಿಸಿಕೊಂಡು ಕುಂದೂರಿಗೆ ಹೋದೆ. ಕೇಳಿಕೊಂಡು ಕೇಳಿಕೊಂಡು ಮನೆ ಸಿಕ್ಕಿತು. ಕೇಳುವಾಗ ಆವಮ್ಮನ ಸರಿಯಾದ ಹೆಸರು ಹೇಳಿಯೇ ಕೇಳಿದೆ. ಆ ಹೆಸರು ಬಾಯಿಗೆ ಹೊಸದಾಗಿ ಕಂಡಿತು.

ಆವಮ್ಮ ಜಗಲಿ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನನ್ನನ್ನ ನೋಡಿ ಕೈ ನಿಂತಿತು.

"ಬ... ಬನ್ನಿ ಮೇಸ್ತ್ರಿ."

ಕೂತೆ. ಡಬ್ಬಿ ಮುಂದಿಟ್ಟೆ. ಏನು ಹೇಳಬೇಕು ಅಂತ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ, ಅದೆಲ್ಲ ಹೋಯಿತು. ಮೊಮ್ಮಗಳ ವಿಷಯವೇ ಮೊದಲು ಬಂತು, ಕೆಲಸ ಸಿಕ್ಕಿದ್ದು, ಟ್ರೈನಿಂಗು, ಅವಳ ದನಿ. ಹೇಳುತ್ತಾ ಹೇಳುತ್ತಾ ಇಲ್ಲೂ ಸಂತೋಷ ತೋರಿಸಿಕೊಳ್ಳುತ್ತಿದ್ದೇನಲ್ಲ ಅಂತ ನನಗೇ ಅಸಹ್ಯವಾಗಿ ನಿಲ್ಲಿಸಿದೆ.

"ಅವತ್ತು ನಂಗೆ ಅರ್ಥ ಆಗಿತ್ತು ಕಣವ್ವ. ಬೇಕೂಂತಲೇ ಬಟನ್ ಒತ್ತಿದ್ದು" ಅಂದೆ.

"ಗ... ಗೊತ್ತು" ಅಂದಳು.

ಮತ್ತೆ ಕಾಯಿ ಬಿಡಿಸತೊಡಗಿದಳು. ಒಳಗಿಂದ ಮಗಳು ಬಂದು ಇಣುಕಿ, ಗುರುತು ಸಿಗದೆ ನೀರು ತಂದಿಟ್ಟು ಹೋದಳು. ನಾನು ತಲೆ ಎತ್ತಲಿಲ್ಲ.

"ನನ್ ಹೆಸ್ರು... ಹೇಳಿ" ಅಂದಳು ಆವಮ್ಮ.

ಹೇಳಿದೆ.

"ಇನ್ನೊಂದ್ಸಲ."

ಇನ್ನೊಂದು ಸಲ ಹೇಳಿದೆ. ಅದನ್ನ ಇಲ್ಲಿ ಬರೆಯುವುದಿಲ್ಲ. ಆವಮ್ಮನನ್ನ ಕೇಳದೆ ನಾಲ್ಕು ಜನರ ಮುಂದೆ ಒಂದು ಸಲ ಹೆಸರು ಇಟ್ಟಿದ್ದೇನೆ, ಅಷ್ಟು ಸಾಕು.

ಕ್ಷಮಿಸಿದೆ ಅಂತ ಆವಮ್ಮ ಅನ್ನಲಿಲ್ಲ. ಕ್ಷಮಿಸು ಅಂತ ಕೇಳುವಷ್ಟು ಮುಖ ನನಗೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆವಮ್ಮನೇ ಒಂದು ಮಾತು ಶುರು ಮಾಡಿದಳು. ಅದು ಎರಡನೇ ಪದಕ್ಕೇ ನಿಂತುಕೊಂಡಿತು. ಹಳೇ ಚಾಳಿ, ನಾನು ಮುಗಿಸಿ ಕೊಡಲು ಬಾಯಿ ತೆರೆದವನು ಹಲ್ಲು ಕಚ್ಚಿಕೊಂಡೆ. ಆವಮ್ಮನ ಕೈಯಲ್ಲಿ ನಾಲ್ಕೈದು ಕಾಯಿ ಬಿಡಿಸಿ ಮುಗಿದಿರಬೇಕು. ಆ ಮಾತು ಪೂರ್ತಿ ಬಂದಾಗ ಹೀಗಿತ್ತು:

"ನಿಮ್ ಮೊಮ್ಮಗಳಿಗೆ ಹೇಳಿ ಮೇಸ್ತ್ರಿ. ಆ ಕಡೆಯೋರ ಮಾತು ಮುಗಿಯೋವರ್ಗೂ ಕಾಯಾಕೆ."

ಹೊರಡುವಾಗ ಡಬ್ಬಿ ತಿರುಗಿ ಕೊಟ್ಟಳು. ಭಾರ ಇತ್ತು. ಉಂಡೆ ಹಂಗೇ ವಾಪಸ್ ಕೊಟ್ಟಳೇನೋ ಅಂದುಕೊಂಡೆ. ಬಸ್ಸಿನಲ್ಲಿ ಮುಚ್ಚಳ ತೆಗೆದರೆ ಬಿಡಿಸಿದ ಅವರೆಕಾಳು. ನಮ್ಮ ಕಡೆ ಯಾರ ಡಬ್ಬಿಯನ್ನೂ ಖಾಲಿ ಕಳಿಸುವುದಿಲ್ಲ. ಆಗದವರದ್ದಾದರೂ ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಅದರಲ್ಲಿ ಏನಾದರೂ ಇತ್ತು ಅಂತ ಅಂದುಕೊಳ್ಳಲು ನನಗೆ ಧೈರ್ಯ ಇಲ್ಲ.

ಆಲೂರಿನಲ್ಲಿ ಇಳಿದು ಅಂಗಡಿಯ ಫೋನಿನಿಂದ ಮೊಮ್ಮಗಳಿಗೆ ಮಾಡಿದೆ. ಹೋಗಿ ಬಂದೆ ಅಂದೆ. ಏನಂದ್ರು ಅಂದಳು. ಆವಮ್ಮ ಹೇಳಿದ ಮಾತನ್ನ, ಒಂದು ಪದ ಹೆಚ್ಚುಕಮ್ಮಿ ಇಲ್ಲದಂಗೆ ಹೇಳಿದೆ. ಆ ಕಡೆ ಏನೂ ಕೇಳಿಸಲಿಲ್ಲ. ಲೈನ್ ಹೋಯಿತೇನೋ ಅಂತ ಹಲೋ ಅನ್ನಲು ಹೊರಟವನು ಸುಮ್ಮನೆ ಕಾದೆ.

"ತಾತ" ಅಂದಳು ಕೊನೆಗೆ. "ಯುಗಾದಿಗೆ ಬರ್ತೀನಿ. ಹಾಳೆ ಹಿಡ್ಕಳೋಕೆ ರೆಡಿ ಇರಿ."

"ನೆಟ್ಟಗೆ ಹಿಡ್ಕಂತೀನಿ ಕಣೇ" ಅಂದೆ.

"ನೆಟ್ಟಗೆ ಅಂದ್ರೆ ಯಾವ ಕಡೆ ಅಂತ ಗೊತ್ತಾ?"

"ಎರಡನೇ ಸಾಲಲ್ಲಿ ಬಿ ಇರುತ್ತಲ್ಲ" ಅಂದೆ. "ಅದೊಂದು ನಂಗೆ ಗೊತ್ತು."